ಮೂರು ಸಾಲು ಹೊಲಿಗೆ

ಅಮೆರಿಕದ ಕರೋಲಿನಾದ ಒಂದು ಸಣ್ಣ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ನಾನು ಒಂದು ಸೀಸನ್ ಪೂರ್ತಿ ಅಂಗಿ ಹೊಲಿದಿದ್ದೇನೆ. ನಮ್ಮ ಕಡೆಯವರಿಗೆ ಈ ಮಾತು ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ ಸುಳ್ಳು ಅನ್ನುತ್ತಾರೆ. ಎರಡೂ ಮಾಡಲಿ. ಹೊಲಿದವಳು ನಾನು, ನನಗೆ ಗೊತ್ತಿದೆ.

ನನ್ನ ತವರು ಗದಗ-ಬೆಟಗೇರಿ. ಅವ್ವ ಇಡೀ ಓಣಿಗೆ ಜಂಪರ್, ಅಂದರೆ ಸೀರೆಯ ಬ್ಲೌಸ್, ಹೊಲಿದು ಕೊಡುತ್ತಿದ್ದಳು. ನಾನು ಹನ್ನೆರಡನೇ ವಯಸ್ಸಿಗೆ ಮಷಿನ್ ತುಳಿಯಲು ಕೂತವಳು. ನಮ್ಮ ಮನೆಯವರು ಬಟ್ಟೆ ಮಿಲ್ಲಿನ ಎಂಜಿನಿಯರ್. ತೊಂಬತ್ತರ ದಶಕದ ಶುರುವಿನಲ್ಲಿ ಅವರಿಗೆ ಕರೋಲಿನಾದ ಮಿಲ್ಲೊಂದರಲ್ಲಿ ಕೆಲಸ ಸಿಕ್ಕಿತು. ಅವರು ಹೊಸ ಮಗ್ಗಗಳ ಹಿಂದೆ ಹೋದರು, ನಾನು ಅವರ ಹಿಂದೆ ಹೋದೆ. ಊರಲ್ಲಿ ಇದ್ದದ್ದು ಒಂದು ಮಿಲ್ಲು, ಒಂದು ಕಾಲೇಜು, ಮತ್ತು ಎಣಿಕೆಗೆ ಮೀರಿದ ಚರ್ಚುಗಳು. ಕನ್ನಡ ಮಾತು ಕಿವಿಗೆ ಬೀಳಬೇಕಾದರೆ ಎರಡು ತಾಸು ಡ್ರೈವ್ ಮಾಡಿ ಮಾರಿಸ್‌ವಿಲ್‌ನ ಗುಡಿಗೆ ಹೋಗಬೇಕಿತ್ತು. ಅಲ್ಲಿಯ ಹೆಣ್ಣುಮಕ್ಕಳು ನನಗೆ ಹೊಲಿಗೆ ಬರುತ್ತದೆ ಎಂದು ಗೊತ್ತಾದ ದಿನದಿಂದ ಪ್ರಸಾದಕ್ಕಿಂತ ಮೊದಲು ಬ್ಲೌಸ್ ಪೀಸಿನ ಚೀಲ ಕೈಗೆ ಕೊಡುತ್ತಿದ್ದರು. ನನಗೆ ಅದು ಬೇಸರವೇನೂ ಆಗಿರಲಿಲ್ಲ, ಹೊಗಳಿಕೆ ಯಾರಿಗೆ ಬೇಡ?

ಕಾಲೇಜಿನ ಕೆಲಸ ಸಿಕ್ಕಿದ್ದು ದಾರದ ಅಂಗಡಿಯಲ್ಲಿ. ಒಂದು ಆಗಸ್ಟ್ ಮಧ್ಯಾಹ್ನ ಎತ್ತರದ, ಬಡಕಲು, ಕಪ್ಪು ಮೈಯ ಮುದುಕರೊಬ್ಬರು ಕೆಂಪು ದಾರದ ಉಂಡೆಗಳನ್ನು ಬುಟ್ಟಿಗೆ ಹಾಕಿಕೊಳ್ಳುತ್ತಿದ್ದರು. ಅದು ಹತ್ತಿಯ ದಾರ. ಅವರ ಕೈಯಲ್ಲಿದ್ದ ಹರಿದ ಅಂಗಿ ದಪ್ಪನೆಯ ನೈಲಾನಿನದು. ನನಗೆ ಸುಮ್ಮನಿರುವ ಗುಣವಿಲ್ಲ. ಈ ದಾರ ಆ ಅಂಗಿಗೆ ಒಂದು ದಿನ ಕೂಡ ತಡೆಯುವುದಿಲ್ಲ ಎಂದು ಹೇಳಿಯೇ ಬಿಟ್ಟೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಹಾಗಾದರೆ ಯಾವುದು ತಡೆಯುತ್ತದೆ ಎಂದು ಕೇಳಿದರು. ತೋರಿಸಿದೆ. ಅಂಗಿಯನ್ನು ಹೇಗೆ ಹೊಲಿಯಬೇಕೆಂದೂ ತೋರಿಸಿದೆ. ಅವರು ಕಾಲೇಜು ತಂಡದ ಸಾಮಾನಿನ ಕೋಣೆ ನೋಡಿಕೊಳ್ಳುವವರು. ಅಲ್ಲಿ ಹೊಲಿಯುತ್ತಿದ್ದ ಹೆಂಗಸು ಊರು ಬಿಟ್ಟು ಹೋಗಿದ್ದಳಂತೆ. ನನಗೆ ಗ್ರೀನ್ ಕಾರ್ಡ್ ಬಂದು ಆರು ತಿಂಗಳಾಗಿತ್ತು, ಮನೆಯಲ್ಲಿ ಕೂತು ಕೂತು ತಲೆ ಚಿಟ್ಟು ಹಿಡಿದಿತ್ತು. ಸೋಮವಾರ ಮತ್ತು ಗುರುವಾರ ಬರುತ್ತೇನೆ ಎಂದು ಅಲ್ಲೇ ಒಪ್ಪಿಕೊಂಡೆ.

ಮನೆಯವರು ಕೇಳಿ ಚಹಾದ ಕಪ್ಪು ಕೆಳಗಿಟ್ಟು ನಕ್ಕರು. "ಆ ಪೈಲ್ವಾನರಿಗೆ ಜಂಪರ್ ಹೊಲಿಯಾಕ ಹೊಂಟೀಯೇನು?" ಅಂದರು. ಹೌದ್ರಿ, ನಿಮಗೊಂದು ಬೇಕಾದರೆ ಅಳತೆ ಕೊಡ್ರಿ ಅಂದೆ.

ಆ ಮುದುಕರನ್ನು ನಾನು ಮೊದಲ ವಾರ ಸರ್ ಅನ್ನುತ್ತಿದ್ದೆ, ಆಮೇಲೆ ಮನಸ್ಸಿನಲ್ಲೇ ಕಾಕಾ ಎಂದು ಕರೆಯಲು ಶುರು ಮಾಡಿದೆ. ಇಲ್ಲಿಯೂ ಹಾಗೇ ಕರೆಯುತ್ತೇನೆ. ಅವರು ನನಗೆ ಮ್ಯಾಮ್ ಅನ್ನುತ್ತಿದ್ದರು. ದಕ್ಷಿಣದ ಆ ಊರುಗಳಲ್ಲಿ ದೊಡ್ಡವರು ಚಿಕ್ಕವರು ಎಲ್ಲರೂ ಹೆಂಗಸರಿಗೆ ಹಾಗೆಯೇ ಅನ್ನುತ್ತಾರೆ. ಅವರು ಆಡಿದ್ದು ಇಂಗ್ಲಿಷು. ಆದರೆ ನನ್ನ ನೆನಪಿನಲ್ಲಿ ಅವರ ಮಾತು ನಮ್ಮ ಕಡೆಯ ಮಾತಾಗಿಯೇ ಕೂತುಬಿಟ್ಟಿದೆ, ಅದನ್ನು ಎಬ್ಬಿಸಲು ಹೋಗುವುದಿಲ್ಲ.

ಮೊದಲ ದಿನವೇ ಕಾಕಾ ನನಗೆ ಕೋಣೆ ತೋರಿಸಿದರು. ಹೆಲ್ಮೆಟ್ಟುಗಳ ಸಾಲು, ಒಗೆಯುವ ಯಂತ್ರಗಳು, ಪ್ಯಾಡುಗಳ ರಾಶಿ, ಬೆವರಿನ ವಾಸನೆ. ಮೂಲೆಯಲ್ಲಿ ಒಂದು ಉದ್ದನೆಯ ಮರದ ಹಲಗೆ. ಅದರ ಮೇಲೆ ಚೆಂಡುಗಳು. ಅಲ್ಲಿಯ ಫುಟ್‌ಬಾಲ್ ಕಾಲಲ್ಲಿ ಆಡುವುದು ಕಡಿಮೆ. ಎರಡೂ ತುದಿ ಚೂಪಾದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವುದೇ ಹೆಚ್ಚು. ತಂಡ ಗೆದ್ದ ಪ್ರತಿ ಆಟದಿಂದಲೂ ಕಾಕಾ ಒಂದು ಚೆಂಡು ತಂದು, ಬಿಳಿ ಬಣ್ಣದಲ್ಲಿ ಅಂಕ ಬರೆದು ಆ ಹಲಗೆಯ ಮೇಲೆ ಇಡುತ್ತಿದ್ದರು. ಹಲಗೆಯ ಬಲತುದಿಯಲ್ಲಿ ಒಂದು ಚೆಂಡಿನಷ್ಟು ಜಾಗ ಖಾಲಿ ಇತ್ತು. ಹಿಂದಿನ ವರ್ಷ ತಂಡ ಒಂದೇ ಒಂದು ಆಟ ಕೂಡ ಗೆದ್ದಿರಲಿಲ್ಲ. ಈ ಸೀಸನ್ ಮುಗಿದರೆ ಕಾಕಾನ ನೌಕರಿಯೂ ಮುಗಿಯುತ್ತಿತ್ತು. ಹೆಂಡತಿ ತೀರಿಕೊಂಡು ಎರಡು ವರ್ಷ ಆಗಿತ್ತು. ಡಿಸೆಂಬರಿನಲ್ಲಿ ಅಟ್ಲಾಂಟಾಕ್ಕೆ, ಮಗಳ ಮನೆಗೆ ಹೋಗುವವರಿದ್ದರು.

"ಹೋಗೋದ್ರೊಳಗ ಇಲ್ಲೊಂದು ಚೆಂಡು ಇಟ್ಟು ಹೋಗ್ಬೇಕು, ಮ್ಯಾಮ್," ಅಂದರು. "ಅಷ್ಟಾದ್ರ ಸಾಕು." ಆಮೇಲೆ ಅರಿವೆ ತೆಗೆದುಕೊಂಡು ಆ ಖಾಲಿ ಜಾಗದ ಧೂಳು ಒರೆಸಿದರು. ದಿನಾಲೂ ಒರೆಸುತ್ತಾರೆ ಎನ್ನುವುದು ನನಗೆ ನಂತರ ತಿಳಿಯಿತು.

ಅವರು ತೊಟ್ಟುಕೊಂಡು ತಿರುಗುತ್ತಿದ್ದ ತಂಡದ ಕೆಂಪು ಜಾಕೆಟ್ಟು ಅವರ ಮೈಮೇಲೆ ಗೂಟಕ್ಕೆ ನೇತುಹಾಕಿದಂತೆ ಜೋತಾಡುತ್ತಿತ್ತು. ಬೆಲ್ಟಿಗೆ ಹೊಸದಾಗಿ ಎರಡು ತೂತು ಕೊರೆದುಕೊಂಡಿದ್ದರು. ಮಧ್ಯಾಹ್ನಕ್ಕೆ ನಾಲ್ಕು ಉಪ್ಪು ಬಿಸ್ಕತ್ತು, ಒಂದು ಕಪ್ಪು ಕಾಫಿ. ಇಷ್ಟರಲ್ಲಿ ಒಬ್ಬ ಮನುಷ್ಯ ಹೇಗೆ ಬದುಕುತ್ತಾನೆ ಎಂದು ನನಗೆ ಸಿಟ್ಟೇ ಬರುತ್ತಿತ್ತು. ಚಪಾತಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಲು ಶುರು ಮಾಡಿದೆ. ಮರ್ಯಾದೆಗೆ ಎರಡು ತುತ್ತು ತಿಂದು, ಬಹಳ ಚೆನ್ನಾಗಿದೆ ಎಂದು ಹೇಳಿ ಡಬ್ಬಿ ಮುಚ್ಚುತ್ತಿದ್ದರು. ಹೆಂಡತಿ ಹೋದಮೇಲೆ ಒಬ್ಬನೇ ಉಣ್ಣಲು ಕೂತರೆ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಒಂದು ಸಲ ಹೇಳಿದ್ದರು.

ಸೆಪ್ಟೆಂಬರ್ ಬಂತು, ತಂಡ ಸೋಲಲು ಶುರು ಮಾಡಿತು. ಪ್ರತಿ ಶನಿವಾರ ಊರಿಗೆ ಊರೇ ಕೆಂಪು ಬಟ್ಟೆ ಹಾಕಿಕೊಂಡು ಮೈದಾನಕ್ಕೆ ಬರುವುದು, ಕೋಳಿ ಹುರಿದು ತಿನ್ನುವುದು, ವಾದ್ಯ ಬಾರಿಸುವುದು, ಸೋತು ಮನೆಗೆ ಹೋಗುವುದು. ನನಗೂ ಟಿಕೆಟ್ ಸಿಗುತ್ತಿತ್ತು. ಮನೆಯವರು ಒಂದು ಹಳೆಯ ಪೇಪರ್ ಹಿಡಿದುಕೊಂಡು ಪಕ್ಕದಲ್ಲಿ ಕೂರುತ್ತಿದ್ದರು. ನಾಲ್ಕು ಸಲದೊಳಗೆ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಸಲ ಸಿಗುತ್ತದೆ, ಹೋಗದಿದ್ದರೆ ಚೆಂಡು ಬಹುತೇಕ ಅವರ ಪಾಲು. ಇಷ್ಟು ತಿಳಿಯಲು ನನಗೆ ಮೂರು ಶನಿವಾರ ಬೇಕಾಯಿತು. ನಮ್ಮ ಹುಡುಗರು ನಾಲ್ಕು ಸಲದಲ್ಲಿ ಹಿಂದಕ್ಕೇ ಬರುತ್ತಿದ್ದರು. ಕೋಚ್ ಒಂದು ವಾರ ಹುಲ್ಲು ಸರಿಯಿಲ್ಲ ಅನ್ನುತ್ತಿದ್ದ, ಇನ್ನೊಂದು ವಾರ ರೆಫ್ರಿ ಸರಿಯಿಲ್ಲ, ಮತ್ತೊಂದು ವಾರ ಗಾಳಿ ಸರಿಯಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುವ ಗಾದೆಯನ್ನು ಕಾಕಾಗೆ ಹೇಳಿಕೊಟ್ಟೆ. ಅವರು ಅದನ್ನು ಕೇಳಿ ಒಗೆಯುವ ಯಂತ್ರದ ಹಿಂದೆ ನಿಂತು ಬಹಳ ಹೊತ್ತು ನಕ್ಕರು.

ಆಟ ನನಗೆ ಅರ್ಥವಾದದ್ದು ಮೈದಾನದಲ್ಲಲ್ಲ, ಸೋಮವಾರದ ಹರಿದ ಅಂಗಿಗಳಲ್ಲಿ. ಓಡುವ ಹುಡುಗರ ಅಂಗಿ ಬೆನ್ನಲ್ಲಿ ಹರಿದಿರುತ್ತಿತ್ತು, ಅದು ಸರಿ, ಓಡುವವನನ್ನು ಹಿಂದಿನಿಂದ ಹಿಡಿಯುತ್ತಾರೆ. ಆದರೆ ಮುಂದಿನ ಸಾಲಿನಲ್ಲಿ ನಿಂತು ನೂಕಾಡುವ ದಾಂಡಿಗರಿದ್ದಾರಲ್ಲ, ನಮ್ಮಲ್ಲಿ ಅಂಥವರು ಒಂಬತ್ತು ಜನ, ಅವರ ಅಂಗಿ ವಾರ ವಾರವೂ ಕಂಕುಳ ಕೆಳಗೆ, ಪಕ್ಕೆಯ ಮೇಲೆ, ಒಂದೇ ಜಾಗದಲ್ಲಿ ಹರಿಯುತ್ತಿತ್ತು. ಎದುರಾಳಿಗಳು ಸಡಿಲ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಅವರನ್ನು ಬದಿಗೆ ಎಳೆದು ಹಾಕುತ್ತಿದ್ದರು. ಹಾಗೆ ಹಿಡಿಯುವುದು ನಿಯಮದ ಪ್ರಕಾರ ತಪ್ಪು. ಆದರೆ ರೆಫ್ರಿ ನೋಡಿದರೆ ಮಾತ್ರ ತಪ್ಪು. ಸಂತೆಯಲ್ಲಿ ಅವ್ವನ ಸೆರಗು ಹಿಡಿದು ಎಳೆಯುವ ಮಕ್ಕಳ ಹಾಗೆ, ಅಷ್ಟು ದೊಡ್ಡ ಗಂಡಸರು.

ಅಕ್ಟೋಬರಿನ ಕೊನೆಗೆ, ಎಂಟು ಆಟ ಸೋತಮೇಲೆ, ನಾನು ಕಾಕಾಗೆ ಹೇಳಿದೆ: ಹಿಡಿಯಲು ಬಟ್ಟೆಯೇ ಇಲ್ಲದ ಹಾಗೆ ಮಾಡಿದರೆ? ನಮ್ಮ ಕಡೆ ಜಂಪರ್ ಹೊಲಿಯುವುದು ಹಾಗೆಯೇ. ಮೈಗೆ ಅಂಟಿಕೊಂಡಿರಬೇಕು, ಚಿವುಟಲು ಹೋದರೂ ಬಟ್ಟೆ ಸಿಗಬಾರದು. ದೊಡ್ಡ ಕಾಲೇಜುಗಳಲ್ಲಿ ಹೀಗೆ ಬಿಗಿ ಮಾಡಿಸುತ್ತಾರೆ ಎಂದು ಕಾಕಾ ಕೇಳಿದ್ದರು, ಇಲ್ಲಿ ಮಾಡುವವರು ಸಿಕ್ಕಿರಲಿಲ್ಲ. ಉಳಿದಿದ್ದದ್ದು ಎರಡು ಆಟ. ಒಂದು ದೂರದ ಊರಲ್ಲಿ, ಅದಕ್ಕೆ ಬಿಳಿ ಅಂಗಿ. ಕೊನೆಯದು ನಮ್ಮ ಮೈದಾನದಲ್ಲಿ, ಕೆಂಪು ಅಂಗಿ. ಕೆಂಪು ಅಂಗಿಗಳನ್ನು ಬಿಗಿ ಮಾಡುವುದೆಂದು ತೀರ್ಮಾನವಾಯಿತು.

ಅಳತೆ ತೆಗೆದ ಗುರುವಾರ ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಒಂಬತ್ತು ಜನ ಬನಿಯನ್ನಿನಲ್ಲಿ ಸಾಲಾಗಿ ನಿಂತಿದ್ದರು, ಒಬ್ಬೊಬ್ಬರೂ ಬಾಗಿಲಿನಷ್ಟು ಅಗಲ. ನಾನು ಎದೆಯಳತೆ ತೆಗೆಯಲು ಸ್ಟೂಲಿನ ಮೇಲೆ ಹತ್ತಿ ನಿಲ್ಲಬೇಕಾಯಿತು. ಟೇಪು ಅವರನ್ನು ಸುತ್ತಿ ಬರುವಷ್ಟರಲ್ಲಿ ಮುಗಿದೇ ಹೋಗುತ್ತಿತ್ತು. ಎಲ್ಲರಿಗಿಂತ ದೊಡ್ಡವನಿಗೆ ಕಚಗುಳಿ. ಟೇಪು ಪಕ್ಕೆಗೆ ತಾಗಿದ ಕೂಡಲೇ ಸಣ್ಣ ಮಗುವಿನಂತೆ ಕಿಲಕಿಲ ನಗುತ್ತ ಬಾಗುತ್ತಿದ್ದ. ಮೂರನೇ ಸಲಕ್ಕೆ ನಾನು ಗದರಿಸಿದೆ. ಅವನು ನೆಟ್ಟಗೆ ನಿಂತು, "ಯೆಸ್ ಮ್ಯಾಮ್. ಉಸಿರು ಬಿಡಬಹುದಾ ಮ್ಯಾಮ್?" ಎಂದು ಕೇಳಿದ. ಬಿಡು, ಆದರೆ ಸಣ್ಣಗೆ ಬಿಡು ಅಂದೆ.

ಒಳಗೆ ಪ್ಯಾಡ್ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಲೈನಿಂಗ್ ಇರುವ ಜಂಪರಿಗೆ ಎರಡು ಬೆರಳು ಹೆಚ್ಚು ಬಿಡುತ್ತೇವೆ, ಹಾಗೆಯೇ ಇದಕ್ಕೂ ಲೆಕ್ಕ ಹಾಕಿದೆ. ಪ್ಯಾಡ್ ದಪ್ಪ ನೋಡಿ ನಾಲ್ಕು ಬೆರಳು ಬಿಟ್ಟೆ. ಕಾಕಾ ಮುಂದಿನ ಸೋಮವಾರ ಒಂದು ಮಾತು ಕೇಳಿದರು, ಪ್ಯಾಡ್ ಹಾಕಿಸಿ ಒಂದು ಸಲ ತೊಡಿಸಿ ನೋಡೋಣವೇ ಎಂದು. ನನ್ನ ಜಂಬ ತಲೆಯೆತ್ತಿತು. ನನ್ನ ಅವ್ವ ಒಂದು ದಿನವೂ ಯಾರಿಗೂ ತೊಡಿಸಿ ನೋಡಿದವಳಲ್ಲ. ತೊಡಿಸಿ ನೋಡುವ ದರ್ಜಿ ದರ್ಜಿಯೇ ಅಲ್ಲ ಅನ್ನುತ್ತಿದ್ದಳು. ನಾನೂ ಅದೇ ಮಾತನ್ನು ಕಾಕಾಗೆ ಹೇಳಿದೆ. ಅವರು ಕೈ ಮೇಲೆತ್ತಿ, ಹಾಗೇ ಆಗಲಿ ಎಂದು ಹೊರಟುಹೋದರು.

ದೂರದ ಊರಿನ ಆ ಒಂಬತ್ತನೆಯ ಆಟವನ್ನೂ ಸೋತಿದ್ದರು. ಉಳಿದದ್ದು ಒಂದೇ ಶನಿವಾರ.

ಆಟ ಮಧ್ಯಾಹ್ನ ಒಂದಕ್ಕೆ. ಹನ್ನೆರಡೂ ಕಾಲಿಗೆ ನಾನು ಹೊರಗೆ ಮನೆಯವರ ಜೊತೆ ಶೇಂಗಾ ತಿನ್ನುತ್ತಿದ್ದೆ. ಕಾಕಾ ಬಂದು ಕೈ ಸನ್ನೆ ಮಾಡಿದರು. ಗಂಡಸರು ಬಟ್ಟೆ ಬದಲಿಸುವ ಕೋಣೆಗೆ ನಾನು ಎಂದೂ ಕಾಲಿಟ್ಟಿರಲಿಲ್ಲ. ಬಾಗಿಲಲ್ಲಿ ಅವರು ಜೋರಾಗಿ, ಮ್ಯಾಮ್ ಬರುತ್ತಿದ್ದಾರೆ, ಎಲ್ಲರೂ ಮೈಮುಚ್ಚಿಕೊಳ್ಳಿ ಎಂದು ಕೂಗಿದರು. ಒಳಗೆ ಹೋದೆ. ಒಂಬತ್ತು ಜನ ಪ್ಯಾಡ್ ಕಟ್ಟಿಕೊಂಡು ನಿಂತಿದ್ದರು. ಪ್ಯಾಡ್ ಅಂದರೆ ಭುಜದ ಮೇಲೆ ಮಾತ್ರವಲ್ಲ, ಎದೆಗೂ ಬೆನ್ನಿಗೂ ಗಟ್ಟಿ ಹಲಗೆಯ ಹಾಗೆ ಇಳಿದಿರುತ್ತದೆ. ಅದನ್ನು ಮೇಜಿನ ಮೇಲೆ ರಾಶಿಯಲ್ಲಿ ನೋಡಿದ್ದೆ, ಮೈಮೇಲೆ ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ನನ್ನ ನಾಲ್ಕು ಬೆರಳು ಎಲ್ಲಿಗೆ ಸಾಲಬೇಕು? ಕಚಗುಳಿಯವನ ಅಂಗಿ ಅವನ ಕಂಕುಳಿಗೆ ಬಂದು ಸಿಕ್ಕಿಕೊಂಡಿತ್ತು. ಎರಡೂ ಕೈ ಮೇಲೆ, ಮುಖ ಅಂಗಿಯೊಳಗೆ, ಅವನನ್ನು ಇಬ್ಬರು ಎಳೆಯುತ್ತಿದ್ದರು.

ಅದು ಬಡ ಕಾಲೇಜು, ಕೆಂಪು ಅಂಗಿ ಒಬ್ಬರಿಗೆ ಒಂದೇ. ಅವತ್ತು ಎದುರಾಳಿಗಳದೂ ಬಿಳಿ ಅಂಗಿ, ಹಾಗಾಗಿ ನಮ್ಮ ಬಿಳಿ ಅಂಗಿ ಹಾಕುವಂತಿರಲಿಲ್ಲ. ಅಭ್ಯಾಸದ ಅಂಗಿಗೆ ನಂಬರು ಇರುವುದಿಲ್ಲ, ಅದನ್ನು ತೊಟ್ಟು ಆಡಲು ಬಿಡುವುದಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ಆದರೆ ಮಾಡಿದವಳು ನಾನು, ಉಣ್ಣಬೇಕಾದವರು ಕಾಕಾ. ಅವರಿಗೆ ಉಳಿದಿದ್ದದ್ದು ಈ ಒಂದು ಆಟ, ಅದನ್ನು ನನ್ನ ಜಂಬಕ್ಕೆ ಬಲಿ ಕೊಟ್ಟಿದ್ದೆ. ಅವರು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಜೋತಾಡುವ ಜಾಕೆಟ್ಟಿನ ಜೇಬಿಗೆ ಕೈ ಹಾಕಿಕೊಂಡು, "ಈಗೇನು ಮಾಡೂಣು, ಮ್ಯಾಮ್?" ಎಂದು ಕೇಳಿದರು, ಅಷ್ಟೇ.

ನಾನು ಒಂದು ಅಂಗಿ ಕಸಿದುಕೊಂಡು ಒಳಮಗ್ಗಲು ತಿರುಗಿಸಿದೆ. ಏನು ಹುಡುಕುತ್ತಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ. ಪಕ್ಕೆಯ ಹೊಲಿಗೆ ನೋಡಿದೆ. ಒಂದಲ್ಲ, ಮೂರು ಸಾಲು.

ನಮ್ಮ ಕಡೆ ಜಂಪರ್ ಹೊಲಿಯುವವರು ಪಕ್ಕೆಯ ಬಟ್ಟೆ ಕತ್ತರಿಸಿ ಬಿಸಾಡುವುದಿಲ್ಲ. ಒಳಗೆ ಮಡಿಚಿ ಬಿಡುತ್ತೇವೆ, ಅದರ ಮೇಲೆ ಅರ್ಧರ್ಧ ಇಂಚು ಬಿಟ್ಟು ಮೂರು ಸಾಲು ಹೊಲಿಗೆ ಹಾಕುತ್ತೇವೆ. ಹೆಣ್ಣುಮಕ್ಕಳ ಮೈ ಒಂದೇ ಹಾಗೆ ಇರುವುದಿಲ್ಲ. ಬಸುರಿ ಆಗುತ್ತಾರೆ, ಬಾಣಂತನ ಆಗುತ್ತದೆ, ಹಬ್ಬದ ಹೋಳಿಗೆ ಇರುತ್ತದೆ. ಬಿಗಿಯಾದಾಗ ಒಳಗಿನ ಸಾಲೊಂದನ್ನು ಬಿಚ್ಚಿಕೊಂಡರೆ ಆಯಿತು, ದರ್ಜಿಯ ಹತ್ತಿರ ಹೋಗಬೇಕಾಗಿಲ್ಲ. ಆ ಒಂಬತ್ತು ಅಂಗಿಗೂ ನನ್ನ ಕೈ ನನ್ನನ್ನು ಕೇಳದೆ ಹಾಗೆಯೇ ಹೊಲಿದಿತ್ತು. ಈ ದಾಂಡಿಗರು ಬಾಣಂತನ ಮಾಡಿಸಿಕೊಳ್ಳುವವರಲ್ಲ ಎನ್ನುವುದು ಅದಕ್ಕೆ ತಿಳಿಯದು.

ಬ್ಲೇಡ್ ತನ್ನಿರಿ ಎಂದು ಕೂಗಿದೆ. ಗಾಯಕ್ಕೆ ಪಟ್ಟಿ ಕತ್ತರಿಸುವ ಕತ್ತರಿ, ಗಡ್ಡದ ಬ್ಲೇಡು, ಉಗುರಿನ ಕತ್ತರಿ, ಸಿಕ್ಕಿದ್ದೆಲ್ಲ ಬಂತು. ಕಚಗುಳಿಯವನನ್ನು ಅವನ ಅಂಗಿಯಿಂದ ಹೊರಗೆ ಎಳೆದೆವು. ಒಳಗಿನ ಸಾಲು ಮಾತ್ರ, ಎರಡನೆಯದಕ್ಕೆ ಕೈ ಹಚ್ಚಿದರೆ ಕೈ ಮುರಿಯುತ್ತೇನೆ ಎಂದು ಹೇಳಿ, ಒಬ್ಬೊಬ್ಬರಿಗೆ ಒಂದೊಂದು ಅಂಗಿ ಕೊಟ್ಟು ಕೂರಿಸಿದೆ. ಒಂಬತ್ತು ಜನ ಪ್ಯಾಡ್ ಸಮೇತ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ನಾಲಿಗೆ ಕಚ್ಚಿಕೊಂಡು, ದಪ್ಪ ಬೆರಳಿನಲ್ಲಿ ದಾರ ಒಂದೊಂದೇ ಎಳೆದರು. ಮದುವೆಮನೆಯಲ್ಲಿ ಶಾವಿಗೆ ಹೊಸೆಯಲು ಕೂತ ಹೆಂಗಸರಿಗೂ ಅಷ್ಟು ಶ್ರದ್ಧೆ ಇರುವುದಿಲ್ಲ. ಕೋಚ್ ಬಾಗಿಲಲ್ಲಿ ಬಂದು ನೋಡಿ, ಹಾಗೇ ಹೊರಟುಹೋದ. ಒಂದಕ್ಕೆ ಐದು ನಿಮಿಷ ಇರುವಾಗ ಕೊನೆಯ ಅಂಗಿ ಇಳಿಯಿತು. ಚರ್ಮದ ಹಾಗೆ ಕೂತಿತ್ತು. ನಾನು ಕಚಗುಳಿಯವನ ಪಕ್ಕೆ ಚಿವುಟಲು ಹೋದೆ, ಬಟ್ಟೆ ಸಿಗಲಿಲ್ಲ. ಅವನು ನಕ್ಕ.

ಆಟವನ್ನು ಪೂರ್ತಿ ವರ್ಣಿಸುವ ಶಕ್ತಿ ನನಗಿಲ್ಲ, ಅರ್ಧ ಹೊತ್ತು ಕಣ್ಣು ಮುಚ್ಚಿಕೊಂಡಿದ್ದೆ. ಹಿಂದೆ ಬಿದ್ದರು, ಸಮ ಮಾಡಿದರು, ಮತ್ತೆ ಮೂರು ಅಂಕ ಹಿಂದೆ ಬಿದ್ದರು. ಕೊನೆಯ ನಿಮಿಷಕ್ಕೆ ಚೆಂಡು ಎದುರಾಳಿಗಳ ಗೆರೆಯಿಂದ ಮೂರು ಗಜ ದೂರದಲ್ಲಿತ್ತು, ನಾಲ್ಕನೆಯ ಸಲ, ಇನ್ನೊಂದು ಸಲವಿಲ್ಲ. ಆಗ ನಾನು ಚೆಂಡು ನೋಡಲಿಲ್ಲ, ಪಕ್ಕೆಯ ಹೊಲಿಗೆ ನೋಡಿದೆ. ಕಚಗುಳಿಯವನು ಎದ್ದು ನುಗ್ಗಿದ. ಎದುರಿನವನ ಕೈ ಅಭ್ಯಾಸದಂತೆ ಅವನ ಕಂಕುಳ ಕೆಳಗೆ ಹೋಯಿತು, ಮುಷ್ಟಿ ಕಟ್ಟಿತು, ಸಿಗಲಿಲ್ಲ. ಮತ್ತೊಮ್ಮೆ ಹೋಯಿತು, ಜಾರಿತು. ಎದುರಿನವನು ಹಿಂದಕ್ಕೆ ಬಿದ್ದ, ಅವನು ಬಿದ್ದ ಜಾಗದಲ್ಲಿ ಒಂದು ಬಾಗಿಲು ತೆರೆದಂತಾಯಿತು, ಚೆಂಡು ಹಿಡಿದ ಹುಡುಗ ಅದರಲ್ಲಿ ನಡೆದುಕೊಂಡೇ ಹೋಗಿ ಗೆರೆ ದಾಟಿದ. ಆರು ಅಂಕ, ಗೆದ್ದೆವು.

ಪಕ್ಕದಲ್ಲಿ ನೋಡಿದರೆ ನಮ್ಮ ಮನೆಯವರು ಬೆಂಚಿನ ಮೇಲೆ ಹತ್ತಿ ನಿಂತು, ಪೇಪರನ್ನು ಎರಡು ತುಂಡು ಮಾಡಿ ಬೀಸುತ್ತ, ಹೊಡೀ ಮಗನ ಎಂದು ಅಚ್ಚ ಕನ್ನಡದಲ್ಲಿ ಕೂಗುತ್ತಿದ್ದರು. ಅವರ ಮುಂದಿದ್ದ ಬಿಳಿ ಅಜ್ಜಿ ತಿರುಗಿ ಅವರನ್ನು ಅಪ್ಪಿಕೊಂಡಳು. ನಾನು ಅತ್ತೆ. ಖುಷಿಗೆ ಅಳುವುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕೆಳಗೆ ಮೈದಾನದ ಅಂಚಿನಲ್ಲಿ ಎಲ್ಲರೂ ಕುಣಿಯುತ್ತಿರುವಾಗ ಕಾಕಾ ನೀರಿನ ಡಬ್ಬದ ಮೇಲೆ ಕೂತು ಕನ್ನಡಕ ಒರೆಸುತ್ತಿದ್ದರು. ಬಹಳ ಹೊತ್ತು ಒರೆಸಿದರು. ಒಂಬತ್ತು ಜನರೂ ಹೋಗಿ ಅವರನ್ನು ಡಬ್ಬದ ಸಮೇತ ಎತ್ತಿದರು.

ಸೋಮವಾರ ಹೋದಾಗ ಚೆಂಡು ಹಲಗೆಯ ಮೇಲಿತ್ತು, ಬಿಳಿ ಬಣ್ಣ ಇನ್ನೂ ಹಸಿಯಾಗಿತ್ತು. ಆ ದಿನ ನಾನು ತಂದ ಡಬ್ಬಿಯ ಚಪಾತಿ ಕಾಕಾ ಪೂರ್ತಿ ತಿಂದರು. ಒಂದು ತುಂಡು ಹಿಡಿದು ಡಬ್ಬಿಗೆ ಅಂಟಿದ ಚಟ್ನಿಯನ್ನೂ ಒರೆಸಿ ತಿಂದರು. ಕೈ ತೊಳೆದು ಬಂದು, ತಮ್ಮ ಕೆಂಪು ಜಾಕೆಟ್ಟು ಬಿಚ್ಚಿ ನನ್ನ ಮಷಿನ್ ಮೇಲೆ ಇಟ್ಟರು. ಮಗಳ ಮನೆಗೆ ಹೀಗೆ ಜೋತಾಡಿಸಿಕೊಂಡು ಹೋದರೆ ಅವಳು ಬೇಜಾರು ಮಾಡಿಕೊಳ್ಳುತ್ತಾಳೆ, ಬಿಗಿ ಮಾಡಿ ಕೊಡಿ ಅಂದರು. ಈ ಸಲ ನಾನು ಸುಮ್ಮನೆ ಅಳತೆ ತೆಗೆಯಲಿಲ್ಲ. ತೊಡಿಸಿ, ಪಿನ್ನು ಚುಚ್ಚಿ, ನಿಲ್ಲಿಸಿ, ಕೂರಿಸಿ, ಕೈ ಎತ್ತಿಸಿ ನೋಡಿದೆ. ಪಾಪ, ಹೇಳಿದಂತೆ ಕೇಳಿದರು. ಹೊಲಿಯಲು ಕೂತಾಗ ಹಿಂದೆ ನಿಂತು ಹೇಳಿದರು:

"ಮ್ಯಾಮ್, ಇದಕ್ಕೂ ಮೂರು ಸಾಲು ಹಾಕ್ರಿ. ನನ್ನ ಮಗಳು ಅಡಗಿ ಛಲೋ ಮಾಡ್ತಾಳ."

ಡಿಸೆಂಬರಿನಲ್ಲಿ ಅವರು ಹೋದರು. ಮುಂದಿನ ವರ್ಷ ಮಿಲ್ಲು ನಮ್ಮ ಮನೆಯವರನ್ನು ಇನ್ನೊಂದು ಊರಿಗೆ ಕಳಿಸಿತು, ನನ್ನ ಕಾಲೇಜಿನ ಕೆಲಸವೂ ಮುಗಿಯಿತು. ಅದಾಗಿ ಒಂದು ವರ್ಷಕ್ಕೆ ಪರಿಚಯದವರ ಮನೆಯ ಮದುವೆಗೆಂದು ಅಟ್ಲಾಂಟಾಕ್ಕೆ ಹೋದೆವು. ಹೊರಡುವ ಮುಂಚೆ ಫೋನ್ ಮಾಡಿದ್ದೆ. ಮಗಳ ಮನೆಯ ಗೇಟಿನ ಮುಂದೆ ಕಾರು ನಿಲ್ಲಿಸಿದಾಗ ಮೆಟ್ಟಿಲ ಮೇಲೆ ಕೆಂಪು ಜಾಕೆಟ್ಟು ತೊಟ್ಟು ನಿಂತವರು ಯಾರು ಎಂದು ಒಂದು ಕ್ಷಣ ನನಗೆ ಗುರುತು ಸಿಗಲಿಲ್ಲ. ಕೆನ್ನೆ ತುಂಬಿತ್ತು. ಒಂದು ಪುಟ್ಟ ಹೊಟ್ಟೆ ಕೂಡ ಬಂದಿತ್ತು. ಒಳಗಿನಿಂದ ಏನೋ ಹುರಿಯುವ ವಾಸನೆ ಬರುತ್ತಿತ್ತು, ಮೊಮ್ಮಕ್ಕಳ ಗದ್ದಲ ಕೇಳುತ್ತಿತ್ತು.

ಹೇಗಿದ್ದೀರಿ ಎಂದು ಕೇಳಿದೆ. ಅವರು ಜಾಕೆಟ್ಟು ಬಿಚ್ಚಿ, ಒಳಮಗ್ಗಲು ತಿರುಗಿಸಿ, ಪಕ್ಕೆಯ ಹೊಲಿಗೆಯನ್ನು ನನ್ನ ಕಣ್ಣ ಮುಂದೆ ಹಿಡಿದರು. ಎರಡು ಸಾಲು ಅವರೇ ಬಿಚ್ಚಿಕೊಂಡಿದ್ದರು. ಉಳಿದದ್ದು ಒಂದೇ.